ತಂಬಾಕಿನ ಪೊಟ್ಟಣದ ಮೇಲಣ ಚೇಳು

ಜಾಲಹಳ್ಳಿಯಂಥಾ ಊರುಗಳಲ್ಲಿ ಕಿರಾಣಿ ಅಂಗಡಿಯ ಮುಂದೆ ಬಣ್ಣಬಣ್ಣದ ಪೊಟ್ಟಣಗಳ ಸರಗಳು ತೋರಣದಂತೆ ತೂಗುವದನ್ನು ನಾವು ದಿನಾಲು ನೋಡುತ್ತೇವೆ. ಒಳಗೆ ಸ್ಥಳವಿಲ್ಲವೆಂದು ಅವನ್ನು ಹೊರಗೆ ಕಟ್ಟಿದ್ದಲ್ಲ. ಥಳಥಳಿಸುವ ಹಾಳೆ, ದಪ್ಪ ಅಕ್ಷರ, ಮಕ್ಕಳ ಕಣ್ಣಿನ ಮಟ್ಟಕ್ಕೆ ಇಳಿಬಿದ್ದ ಸರ, ಇವೆಲ್ಲಾ ಕೊಳ್ಳುವವನನ್ನು ಕೂಗಿ ಕರೆಯುವ ಬಾಯಿಲ್ಲದ ಮಾತುಗಳು. ಓದಲು ಬಾರದವನು ಸಹ ತನಗೆ ಬೇಕಾದದ್ದನ್ನು ಬಣ್ಣದಿಂದಲೇ ಗುರುತಿಸಿ ಕೇಳುತ್ತಾನೆ. 2011ನೆಯ ಇಸವಿಯ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯೊಳಗೆ ನೂರಕ್ಕೆ ಸುಮಾರು 60 ಮಂದಿ ಮಾತ್ರ ಅಕ್ಷರ ಬಲ್ಲವರೆಂದು ಕಂಡುಬಂತು. ಆದಕಾರಣ ಇಲ್ಲಿ ಚಿತ್ರದ ಮಾತು ಅಕ್ಷರದ ಮಾತಿಗಿಂತ ದೂರ ಹೋಗುತ್ತದೆ.

ಮಾರುವವನ ಈ ಉಪಾಯವನ್ನು ಸರಕಾರವೂ ಕೈಕೊಂಡಿತು. 2009ನೆಯ ಮೇ 31ರಿಂದ ತಂಬಾಕಿನ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರವಿರತಕ್ಕದ್ದೆಂದು ವಿಧಿಸಲಾಯಿತು. ಅಗಿಯುವ ತಂಬಾಕಿಗೆ ಗೊತ್ತುಮಾಡಿದ ಚಿತ್ರ ಚೇಳು. ಇದು ವಿಷವೆಂದು ತಿಳಿಸುವದೇ ಅದರ ಅಭಿಪ್ರಾಯ. ಆದರೆ ನಮ್ಮ ಸೀಮೆಯವರಿಗೆ ಚೇಳೆಂದರೆ ಕಲ್ಲಿನ ಕೆಳಗೆ, ಕಟ್ಟಿಗೆಯ ಒಟ್ಟಿಲಲ್ಲಿ ಇರುವಂಥಾದ್ದು. ಕುಟುಕಿದ ಕ್ಷಣದಲ್ಲೇ ಉರಿ ಹತ್ತಿಸುವಂಥಾದ್ದು. ತಂಬಾಕು ಹಾಗೆ ಕುಟುಕುವದಿಲ್ಲ. ಅದು ವರುಷಗಟ್ಟಲೆ ಸುಮ್ಮನಿದ್ದು ಆಮೇಲೆ ಬಾಯೊಳಗೆ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಅದಲ್ಲದೆ ಚೇಳು ವೃಶ್ಚಿಕ ರಾಶಿಯ ಗುರುತು. ಆನೆಯ ಗುರುತು, ಹುಲಿಯ ಗುರುತು ಎಂದು ಸರಕು ಕೊಂಡು ರೂಢಿಯಾದವರು ಇದನ್ನೂ ಒಂದು ವ್ಯಾಪಾರದ ಮುದ್ರೆಯೆಂದೆಣಿಸಿದರೆ ತಪ್ಪು ಅವರದೋ? ನಮ್ಮ ಮನಸ್ಸಿಗೆ, ಗೋಡೆಯ ಮೇಲೆ ಚಿತ್ರ ಬರೆಸುವದಕ್ಕೆ ಮುಂಚೆ ಅದನ್ನು ಓದಲು ಬಾರದ ಒಬ್ಬ ಅಜ್ಜಿಗೆ ತೋರಿಸಿ, ಅರ್ಥವನ್ನು ತಾವು ಹೇಳದೆ, ಆಕೆಯ ಬಾಯಿಂದಲೇ ಕೇಳುವದು ಒಳ್ಳೇದು.

2011ನೆಯ ದಶಂಬರದಿಂದ ಚೇಳು ಹೋಗಿ ಕ್ಯಾನ್ಸರಿನಿಂದ ಕೆಟ್ಟ ಬಾಯಿಯ ಚಿತ್ರಗಳು ಬಂದವು. ನೋಡುವದಕ್ಕೆ ಅಸಹ್ಯವೇ ಸರಿ. ಆದರೆ ಅವಕ್ಕೆ ಭಾಷಾಂತರ ಬೇಕಿಲ್ಲ. ಮೊದಲು ಚಿತ್ರವು ಪೊಟ್ಟಣದ ಮುಂಬದಿಯಲ್ಲಿ ನೂರಕ್ಕೆ 40 ಪಾಲು ಮಾತ್ರ ಇತ್ತು. 2016ನೆಯ ಎಪ್ರಿಲ್ ತಿಂಗಳಿಂದ ಎರಡು ಬದಿಗಳಲ್ಲಿಯೂ 85 ಪಾಲು. ಮಾರುವವನ ಬಣ್ಣಕ್ಕೆ ಉಳಿದದ್ದು ಅಂಚಿನಷ್ಟು ಜಾಗ. ಆದರೂ ಬಿಡಿಯಾಗಿ ಒಂದೊಂದೇ ಸಿಗರೇಟು ಕೊಳ್ಳುವವನಿಗೆ ಈ ಚಿತ್ರ ಕಾಣುವದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಉಪಾಯ ಇನ್ನೊಂದುಂಟು. ತಂಬಾಕಿನ ಜಾಹೀರಾತನ್ನು 2003ನೆಯ ಕಾನೂನು ನಿಷೇಧಿಸಿದ್ದರಿಂದ, ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರಗಳಲ್ಲಿ ಏಲಕ್ಕಿಯ ಜಾಹೀರಾತು ಬರುತ್ತದೆ. ಕಣ್ಣು ಏಲಕ್ಕಿಯನ್ನು ನೋಡಿದರೂ ಮನಸ್ಸು ತಂಬಾಕನ್ನು ನೆನಸುತ್ತದೆ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ, ಎರಡೂ ಜೊತೆಜೊತೆಯಾಗಿ ಮಾರಾಟಕ್ಕೆ ಬಂದವು. ತಂಬಾಕಿಲ್ಲದ ಮಸಾಲೆಯ ಮೇಲೆ ಕೆಟ್ಟ ಬಾಯಿಯ ಚಿತ್ರವಿಲ್ಲ. ಚಿತ್ರವಿಲ್ಲದ್ದನ್ನು ಕಂಡವರು ಅಪಾಯವಿಲ್ಲವೆಂದು ಓದಿಕೊಳ್ಳುತ್ತಾರೆ. ಆದರೆ ಅಡಕೆಯು ತಾನೇ ಕ್ಯಾನ್ಸರನ್ನು ಹುಟ್ಟಿಸುವಂಥಾದ್ದೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿಯೇ ಪ್ರಕಟಿಸಿದೆ.

ಆದದರಿಂದ ಮನೆಯಲ್ಲಿ ಯಾರಾದರೂ ಮಸಾಲೆ ಅಗಿಯುವವರಿದ್ದರೆ ಅವರ ಬಾಯಿ ಮೂರು ಬೆರಳಿನಗಲ ತೆರೆಯುವದೋ ಎಂದು ನೋಡಿರಿ. ತೆರೆಯದಿದ್ದರೆ, ಇಲ್ಲವೆ ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ ಎರಡು ವಾರಕ್ಕೂ ಮಾಯದ ಹುಣ್ಣಾಗಲಿ ಕಂಡರೆ, ನೋವಿಲ್ಲವೆಂದು ತಡಮಾಡದೆ ದೇವದುರ್ಗದ ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿರಿ.