ಹಾರ್ಟ್‌ಬ್ಲೀಡ್ ಪಾಠದಲ್ಲಿ ಬೀಗದ ಉದಾಹರಣೆ ಸೋತದ್ದೇಕೆ?

ಒಂಬತ್ತನೇ ತರಗತಿಗೆ ಅಂತರ್ಜಾಲ ಸುರಕ್ಷತೆಯ ಅಭ್ಯಾಸ ಪಾಠ ಮಾಡಲು 2014ರ ಹಾರ್ಟ್‌ಬ್ಲೀಡ್ ದೋಷವನ್ನು ಆರಿಸಿಕೊಂಡಿದ್ದೆ. ಅಸಂಖ್ಯ ಜಾಲತಾಣಗಳು ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿ ಕಳಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿದ್ದ ದೋಷವಿದು. ಪೀಠಿಕೆಯಲ್ಲಿ ಒಂದು ಬೀಗ ತೋರಿಸಿ, "ಬೀಗದಲ್ಲೇ ದೋಷವಿದ್ದರೆ?" ಎಂದು ಕೇಳಿದೆ. ವಿವರಣೆ ಮುಗಿಸಿ "ಅರ್ಥವಾಯಿತೇ?" ಎಂದಾಗ ಇಡೀ ತರಗತಿ "ಹೌದು ಮಿಸ್" ಎಂದಿತು.

ಮೌಲ್ಯಮಾಪನಕ್ಕೆ "ಮಾಹಿತಿ ಹೇಗೆ ಸೋರಿತು?" ಎಂಬುದಕ್ಕೆ ಒಂದು ವಾಕ್ಯದ ಉತ್ತರ ಬರೆಸಿದೆ. "ಕಳ್ಳರು ಗೂಢಲಿಪಿಯನ್ನು ಬಿಡಿಸಿದರು" ಎಂದೇ ಹೆಚ್ಚಿನವರು ಬರೆದಿದ್ದರು. ಗೂಢಲಿಪಿಯನ್ನು ಯಾರೂ ಬಿಡಿಸಿರಲಿಲ್ಲ. ತಪ್ಪು ಕಲ್ಪನೆ ಕೊಟ್ಟದ್ದು ನನ್ನ ಬೀಗ.

ಮಾರ್ಗದರ್ಶಕ ಅಧ್ಯಾಪಕರ ಒಪ್ಪಿಗೆ ಪಡೆದು ಮರುದಿನ ಅದೇ ಕಲಿಕಾಂಶವನ್ನು ಮತ್ತೆ ತೆಗೆದುಕೊಂಡೆ. ಈ ಸಲ ಹಾಳೆಗಳನ್ನು ತಂದಿದ್ದೆ. ಒಬ್ಬ ವಿದ್ಯಾರ್ಥಿನಿ ಸರ್ವರ್ ಆದಳು. ಅವಳ ಮೇಜಿನ ಮೇಲಿನ ಕಟ್ಟಿನಲ್ಲಿ ಉಳಿದವರು ಬರೆದುಕೊಟ್ಟ ಕಾಲ್ಪನಿಕ ಪಾಸ್‌ವರ್ಡ್‌ಗಳಿದ್ದವು. ಬಂದ ಹಾಳೆಯನ್ನು ಕಟ್ಟಿನ ಮೇಲಿಟ್ಟು, ಜೊತೆಗಿನ ಚೀಟಿ ಹೇಳಿದಷ್ಟು ಹಾಳೆಗಳನ್ನು ಓದುವುದೇ ನಿಯಮ. ಮೊದಲ ಹುಡುಗ 1 ಹಾಳೆ ಕೊಟ್ಟ. ಚೀಟಿಯಲ್ಲೂ 1 ಎಂದಿತ್ತು. ಎರಡನೆಯವನು 1 ಹಾಳೆ ಕೊಟ್ಟು, ಚೀಟಿಯಲ್ಲಿ 5 ಎಂದು ಬರೆದಿದ್ದ. ಅವಳು ಓದುತ್ತಾ ಹೋದಳು. ಮೂರನೆಯ ಹಾಳೆಗೆ ಹಿಂದಿನ ಬೆಂಚಿನಿಂದ ಕೂಗು ಬಂತು: "ಮಿಸ್, ಅದು ನಂದು!"

ಆಮೇಲೆ ವಿವರಿಸಿದೆ. ಸಂಪರ್ಕ ಉಳಿದಿದೆಯೇ ಎಂದು ತಿಳಿಯಲು ಒಂದು ಕಂಪ್ಯೂಟರ್ ಚಿಕ್ಕ ಸಂದೇಶವನ್ನೂ ಅದರ ಉದ್ದವನ್ನೂ ಕಳಿಸುತ್ತದೆ. ಇನ್ನೊಂದು ಅದನ್ನೇ ಹಿಂದಿರುಗಿಸುತ್ತದೆ. ಇದೇ ಹಾರ್ಟ್‌ಬೀಟ್. 2012ರಲ್ಲಿ ಬಂದ 1.0.1 ಆವೃತ್ತಿ, ಹೇಳಿದ ಉದ್ದ ನಿಜವೇ ಎಂದು ನೋಡುತ್ತಿರಲಿಲ್ಲ. ಹಾಗಾಗಿ ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್‌ವರೆಗೆ ಪಕ್ಕದ ಸ್ಮೃತಿಯ ಮಾಹಿತಿ ಹೊರಹೋಗಬಹುದಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಸರ್ವರ್‌ನ ಗುಪ್ತ ಕೀಲಿಯೂ ಇರಬಹುದಿತ್ತು.

"ನಿಯಮಕ್ಕೆ ಏನು ಸೇರಿಸೋಣ?" ಎಂದೆ. ಸರ್ವರ್ ಆಗಿದ್ದವಳೇ ಹೇಳಿದಳು: "ಬಂದ ಹಾಳೆ ಎಣಿಸಬೇಕು ಮಿಸ್." 2014ರ ಏಪ್ರಿಲ್ 7ರಂದು ಬಂದ 1.0.1ಜಿ ಆವೃತ್ತಿ ಮಾಡಿದ್ದೂ ಅದನ್ನೇ: ಹೇಳಿದ ಉದ್ದಕ್ಕಿಂತ ಸಂದೇಶ ಚಿಕ್ಕದಿದ್ದರೆ ಉತ್ತರಿಸದೆ ಬಿಡುವುದು.

"ಪಾಸ್‌ವರ್ಡ್ ಬದಲಿಸಿದರೆ ಸಾಕಲ್ವಾ?" ಎಂದು ಒಬ್ಬ ಕೇಳಿದ. ಮೊದಲು ಸರ್ವರ್ ಸರಿಯಾಗಬೇಕು, ಕೀಲಿ ಬದಲಾಗಬೇಕು. ಇಲ್ಲದಿದ್ದರೆ ಹೊಸ ಪಾಸ್‌ವರ್ಡೂ ಸೋರುತ್ತದೆ ಎಂದೆ.

ಅಂದಿನ ಉತ್ತರಗಳಲ್ಲಿ "ಎಣಿಸದೆ ಕೊಟ್ಟರು" ಎಂಬ ಮಾತಿತ್ತು. ಮೊದಲ ದಿನ "ಹೌದು ಮಿಸ್" ಎಂಬ ಚೀಟಿಯನ್ನು ನಾನೂ ಎಣಿಸದೆ ನಂಬಿದ್ದೆ. ಈಗ ಪಾಠದ ಪ್ರತಿ ಹಂತದ ಕೊನೆಗೆ ಒಂದು ವಾಕ್ಯ ಬರೆಸಿಯೇ ಮುಂದೆ ಹೋಗುತ್ತೇನೆ.