ಗೊರಕೆಯ ನಡುವಣ ಮೌನ

ಗೊರಕೆ ಹೊಡೆಯುವವನನ್ನು ಕಂಡು ‘ಎಂಥ ಸುಖನಿದ್ರೆ!’ ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಸದ್ದು ಕೆಲವೊಮ್ಮೆ ನಿದ್ರಾಭಂಗವನ್ನೇ ಸಾರುತ್ತಿರುತ್ತದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ದೊಡ್ಡ ಆಸ್ಪತ್ರೆಯನ್ನರಸಿ ಬರುವ ರೋಗಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಐವತ್ತರ ಪ್ರಾಯ, ಸ್ಥೂಲಕಾಯ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ಹೊಡೆಯುವವನು. ರಕ್ತದೊತ್ತಡ ಮೂರು ಬಗೆಯ ಗುಳಿಗೆಗಳಿಗೂ ಇಳಿಯದೆಂದು ಹೃದ್ರೋಗ ವಿಭಾಗಕ್ಕೆ ಹೋದನು. ಮಲಗಿದ ಮೇಲೆ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವನೆಂದು ಸಕ್ಕರೆ ರೋಗದ ಪರೀಕ್ಷೆಯಾಯಿತು. ಎದ್ದೊಡನೆ ತಲೆನೋವೆಂದು ನರರೋಗತಜ್ಞರನ್ನು ಕಂಡನು. ಮೂರು ಬಾಗಿಲು, ಮೂರು ಚೀಟಿ! ನಿದ್ರೆಯ ಮಾತೆತ್ತಿದರೆ, ‘ಮಲಗಿದ ಕೂಡಲೇ ನಿದ್ದಿ ಹತ್ತತೈತ್ರೀ’ ಎಂಬ ಉತ್ತರ. ಹಗಲು ಕುಳಿತಲ್ಲೇ ತೂಕಡಿಸುವುದನ್ನು ಅವನು ರೋಗವೆಂದೇ ಎಣಿಸಿಲ್ಲ.

ಈ ಎಲ್ಲ ಲಕ್ಷಣಗಳ ಬೇರು ಒಂದೇ ಇರಬಹುದು. ಅದನ್ನು ನಿದ್ರಾಕಾಲದ ಶ್ವಾಸಸ್ತಂಭನ ಎನ್ನೋಣ. ವೈದ್ಯರು ‘ಸ್ಲೀಪ್ ಅಪ್ನಿಯಾ’ ಎನ್ನುತ್ತಾರೆ. ನಿದ್ರೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಸರಿಯುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೃದುವಾದ ಅಂಗಭಾಗಗಳು ಕಂಪಿಸುವುದೇ ಗೊರಕೆ. ದಾರಿ ಪೂರ್ಣವಾಗಿ ಮುಚ್ಚಿದರೆ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಅರೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಮಲಗಿದವನು ಏದುಸಿರಿನೊಡನೆ ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಗಾದರೆ ಅವನಿಗೆ ಇದಾವುದೂ ನೆನಪಿರದು. 10 ಸೆಕೆಂಡುಗಳಿಗೆ ಕಡಿಮೆಯಿಲ್ಲದ ಇಂಥ ತಡೆಗಳು ಗಂಟೆಗೆ 30ಕ್ಕೂ ಹೆಚ್ಚಾದರೆ ವ್ಯಾಧಿ ತೀವ್ರವೆನ್ನಿಸುತ್ತದೆ. ಪ್ರತಿ ಅರೆ ಎಚ್ಚರದಲ್ಲೂ ರಕ್ತದೊತ್ತಡ ಚಿಮ್ಮುತ್ತದೆ. ಮುಚ್ಚಿದ ಗಂಟಲಿನೆದುರು ಎದೆಯು ಎಳೆದಾಡುವಾಗ ಹೃದಯದ ಗೋಡೆ ಹಿಗ್ಗಿ, ರಕ್ತವೇ ಅಧಿಕವಾಯಿತೆಂದು ಭ್ರಮಿಸಿ, ಮೂತ್ರವನ್ನು ಹೆಚ್ಚಿಸುವ ಹಾರ್ಮೋನನ್ನು ಸ್ರವಿಸುತ್ತದೆ. ಮೂತ್ರಕೋಶದ ದೂರಿಗೆ ಗಂಟಲು ಕಾರಣ!

1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರಾವಸ್ಥೆಯೊಂದನ್ನು ವರದಿ ಮಾಡಿದರು. ಕನಸುಗಳು ದಟ್ಟವಾದ ಈ ಅವಸ್ಥೆಯಲ್ಲಿ ಸ್ನಾಯುಗಳು ಅತ್ಯಂತ ಸಡಿಲ. ಬೆಳಗಿನ ಜಾವದಲ್ಲಿ ಅದರ ಪಾಲು ಹೆಚ್ಚು. ಎಷ್ಟೋ ರೋಗಿಗಳಲ್ಲಿ ಉಸಿರಿನ ತಡೆಯೂ ಆಗಲೇ ಉಲ್ಬಣಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ರೋಗಿಯನ್ನು ರಾತ್ರಿಯಿಡೀ ಮಲಗಿಸಿ ಮಿದುಳಿನ ಅಲೆ, ಕಣ್ಣಿನ ಚಲನೆ, ಉಸಿರಾಟ, ರಕ್ತದ ಆಮ್ಲಜನಕಗಳನ್ನು ಏಕಕಾಲಕ್ಕೆ ದಾಖಲಿಸುತ್ತಾರೆ.

ಚಿಕಿತ್ಸೆಯ ಕಥೆ ಸ್ವಾರಸ್ಯಕರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಸತತವಾಗಿ ಒತ್ತಡದ ಗಾಳಿಯನ್ನೂದಿ ಗಂಟಲನ್ನು ತೆರೆದಿಡಬಹುದೆಂದು ತೋರಿಸಿದರು. ಔಷಧವಲ್ಲ, ಬರಿಯ ಗಾಳಿ! ಆದರೆ ಆ ಯಂತ್ರಕ್ಕೆ ರಾತ್ರಿಯಿಡೀ ವಿದ್ಯುತ್ತು ಬೇಕು. ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ. ತೂಕವನ್ನಿಳಿಸುವುದು, ಮಗ್ಗುಲಾಗಿ ಮಲಗುವುದು ಹಲವರಿಗೆ ನೆರವಾಗುತ್ತವೆ. ನಿದ್ರೆಗೆಂದು ಮದ್ಯವನ್ನೋ, ಕೇಳದೆ ಗುಳಿಗೆಯನ್ನೋ ಸೇವಿಸಿದರೆ ಗಂಟಲು ಇನ್ನಷ್ಟು ಸಡಿಲವಾದೀತು.

ನಿದ್ರೆಯ ತೊಂದರೆಗಳೆಲ್ಲ ಗಂಟಲಿನವೇ ಅಲ್ಲ. ಸಂಜೆಯಾದರೆ ಕಾಲು ಸುಮ್ಮನಿರಲೊಲ್ಲದೆ ಚಡಪಡಿಸುವ ಹೆಂಗಸಿಗೆ ಕಬ್ಬಿಣದ ಕೊರತೆಯಿರಬಹುದು. ಅದನ್ನು ರಕ್ತಪರೀಕ್ಷೆ ಹೇಳುತ್ತದೆ. ರಾತ್ರಿಯ ಕರೆಂಟಿಗೆ ಕಾದು ಹೊಲಕ್ಕೆ ನೀರು ಹಾಯಿಸುವ ರೈತನಿಗಾದರೋ ರೋಗವೇ ಇಲ್ಲ, ಮಲಗಲು ವೇಳೆಯಿಲ್ಲ. ಇವರನ್ನು ಬೇರ್ಪಡಿಸಿ ನೋಡಲೆಂದೇ ಹಲವು ತಜ್ಞರು ಒಂದೆಡೆ ಕೂಡುವ ಚಿಕಿತ್ಸಾಲಯ ಬೇಕಾಗುವುದು.

ಅಲ್ಲಿ ಹಗಲಿನ ತೂಕಡಿಕೆಯನ್ನಳೆಯಲು 1991ರಲ್ಲಿ ಮೆಲ್ಬರ್ನಿನ ಮರ್ರೆ ಜಾನ್ಸ್ ರಚಿಸಿದ 8 ಪ್ರಶ್ನೆಗಳ ಪಟ್ಟಿಯನ್ನು ಬಳಸುವುದುಂಟು. ಅವುಗಳಲ್ಲಿ ಎರಡು ಕಾರಿನ ಪ್ರಯಾಣದವು. ಕಾರನ್ನೇ ಏರದವನಿಗೆ ಸವದತ್ತಿಯ ಬಸ್ಸನ್ನೋ ಗುಡಿಯ ಪ್ರವಚನವನ್ನೋ ಹೆಸರಿಸಿ ಕೇಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ನಮ್ಮ ಟ್ರ್ಯಾಕ್ಟರಿನವನ ವಿಷಯದಲ್ಲಂತೂ ಪಟ್ಟಿಗಿಂತ ಮೊದಲು, ಬಾಗಿಲ ಹೊರಗೆ ನಿಂತಿರುವ ಅವನ ಹೆಂಡತಿಯನ್ನು ಒಳಕರೆದು ಕೇಳಬೇಕು: ‘ಗೊರಕಿ ನಡುವ ನಿಲ್ಲತೈತೇನ್ ತಾಯಿ?’