ಹಳೆಯ ಟ್ರ್ಯಾಕ್ಟರುಗಳ ತುಲನೆ: ಅಶ್ವಶಕ್ತಿ ಮತ್ತು ಹೊಲದ ಕೆಲಸ

ಹೊಸ ಟ್ರ್ಯಾಕ್ಟರಿನ ಬೆಲೆ ನಿಲುಕದ ಸಣ್ಣ ಹಿಡುವಳಿದಾರನಿಗೆ ಬಳಸಿದ ಟ್ರ್ಯಾಕ್ಟರೇ ಆಧಾರ. ಕೊಳ್ಳುವ ಸಂದರ್ಭದಲ್ಲಿ ಮಾತುಕತೆ ಬಹುಮಟ್ಟಿಗೆ ಒಂದೇ ಅಂಕಿಯ ಸುತ್ತ ನಡೆಯುತ್ತದೆ: ಎಂಜಿನಿನ ಅಶ್ವಶಕ್ತಿ ಎಷ್ಟು? ಈ ಅಂಕಿಯೊಂದನ್ನೇ ನಂಬಿ ಸಾಲ ಮಾಡಿದ ರೈತನ ಯಂತ್ರ ಮೊದಲ ಉಳುಮೆಯಲ್ಲೇ ಸೋತು ನಿಲ್ಲಬಹುದು. ಅಥವಾ ಅಗತ್ಯಕ್ಕಿಂತ ದೊಡ್ಡದಾಗಿ ವರ್ಷವಿಡೀ ಡೀಸೆಲಿಗೆ ಹಣ ನುಂಗಬಹುದು. ಎಂಜಿನಿನಲ್ಲಿ ಹುಟ್ಟಿದ ಶಕ್ತಿಯಲ್ಲಿ ಮಣ್ಣಿಗೆ ತಲುಪುವುದು ಎಷ್ಟು ಎಂಬುದೇ ತುಲನೆಯ ನಿಜವಾದ ಅಳತೆಗೋಲು.

ಪರಿಚಿತ ಮಾದರಿಗಳು

ಭಾರತದ ಹೊಲಗಳಲ್ಲಿ ದೀರ್ಘಕಾಲ ದುಡಿದ ಹಳೆಯ ಮಾದರಿಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು 25 ಅಶ್ವಶಕ್ತಿಯ ಆಸುಪಾಸಿನದು. ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಾದ ಎಚ್.ಎಂ.ಟಿ. ಜೆಟರ್ 2511 ಮತ್ತು 1974ರಲ್ಲಿ ಮಾರುಕಟ್ಟೆಗೆ ಬಂದ ಸ್ವರಾಜ್ 724 ಈ ವರ್ಗಕ್ಕೆ ಸೇರುತ್ತವೆ. ಎರಡರಲ್ಲಿಯೂ ಎರಡು ಸಿಲಿಂಡರಿನ ಎಂಜಿನ್ ಇದೆ. ಸ್ವರಾಜ್‌ನ ವಿನ್ಯಾಸವು ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಎರಡನೆಯದು 35 ಅಶ್ವಶಕ್ತಿಯ ಆಸುಪಾಸಿನದು. ಮ್ಯಾಸಿ ಫರ್ಗುಸನ್ 1035 ಮತ್ತು ಮಹೀಂದ್ರ ಬಿ-275 ಇದರ ಹೆಸರಾಂತ ಉದಾಹರಣೆಗಳು. ಮೂರನೆಯದು 45 ಅಶ್ವಶಕ್ತಿಯ ಆಸುಪಾಸಿನದು. ಮೂರು ಸಿಲಿಂಡರಿನ ಫೋರ್ಡ್ 3600 ಈ ಗುಂಪಿನದು.

ಒಂದೇ ಎಂಜಿನ್, ಮೂರು ಶಕ್ತಿ

75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿಯೇ ಒಂದು ಅಶ್ವಶಕ್ತಿ. ಎಂಜಿನಿನ ಶಕ್ತಿ ಗೇರುಗಳ ಮೂಲಕ ಪಿ.ಟಿ.ಓ. ಎಂದು ಕರೆಯಲಾಗುವ ಹಿಂಬದಿಯ ತಿರುಗು ದಂಡವನ್ನು ತಲುಪುವಾಗ ಸುಮಾರು ಶೇಕಡಾ 85ಕ್ಕೆ ಇಳಿಯುತ್ತದೆ. ಗಾಲಿಗಳ ಮೂಲಕ ಸಾಗಿ ನೇಗಿಲನ್ನು ಎಳೆಯುವಾಗ, ಮಣ್ಣಿನ ಸ್ಥಿತಿಗೆ ತಕ್ಕಂತೆ, ಶೇಕಡಾ 50ರಿಂದ 60ರಷ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ 25 ಅಶ್ವಶಕ್ತಿಯ ಯಂತ್ರದಿಂದ ಹೊಲದಲ್ಲಿ ಸುಮಾರು 14, 35ರ ಯಂತ್ರದಿಂದ ಸುಮಾರು 19 ಅಶ್ವಶಕ್ತಿಯ ಎಳೆತವನ್ನು ನಿರೀಕ್ಷಿಸಬಹುದು.

ಈಗ ಕೆಲಸದ ಅಗತ್ಯವನ್ನು ಲೆಕ್ಕ ಹಾಕೋಣ. ಎಳೆತದ ಭಾರವನ್ನು ಕಿಲೋಗ್ರಾಂನಲ್ಲಿಯೂ ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿಯೂ ತೆಗೆದುಕೊಂಡು, ಎರಡನ್ನೂ ಗುಣಿಸಿ 270ರಿಂದ ಭಾಗಿಸಿದರೆ ಬೇಕಾದ ಅಶ್ವಶಕ್ತಿ ದೊರೆಯುತ್ತದೆ. ತಲಾ 30 ಸೆಂಟಿಮೀಟರ್ ಅಗಲದ ಎರಡು ಕುಳಗಳ ನೇಗಿಲು 20 ಸೆಂಟಿಮೀಟರ್ ಆಳಕ್ಕೆ ಇಳಿದರೆ 1,200 ಚದರ ಸೆಂಟಿಮೀಟರ್ ಮಣ್ಣನ್ನು ಸೀಳಬೇಕು. ದಖ್ಖನಿನ ಬಿಗಿಯಾದ ಎರೆಭೂಮಿಯಲ್ಲಿ ಚದರ ಸೆಂಟಿಮೀಟರಿಗೆ 0.75 ಕಿಲೋಗ್ರಾಂ ಪ್ರತಿರೋಧವೆಂದು ಇಟ್ಟುಕೊಂಡರೆ ಎಳೆತ 900 ಕಿಲೋಗ್ರಾಂ, ಗಂಟೆಗೆ 4.5 ಕಿಲೋಮೀಟರ್ ವೇಗಕ್ಕೆ 15 ಅಶ್ವಶಕ್ತಿ ಬೇಕು. ಹಗುರವಾದ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಪ್ರತಿರೋಧ 0.35 ಎಂದು ಹಿಡಿದರೆ ಇದೇ ನೇಗಿಲಿಗೆ 7 ಅಶ್ವಶಕ್ತಿ ಸಾಕು.

ಅಂದರೆ ಕೆಂಪು ಮಣ್ಣಿನಲ್ಲಿ 25ರ ಯಂತ್ರ ಸುಲಭವಾಗಿ ಮಾಡುವ ಕೆಲಸವನ್ನು ಎರೆಮಣ್ಣಿನಲ್ಲಿ 35ರ ಯಂತ್ರಕ್ಕೇ ಒಪ್ಪಿಸಬೇಕು. ಇಲ್ಲವೇ ಒಂದೇ ಕುಳವನ್ನು ಬಳಸಬೇಕು, ಅಥವಾ ಉಳುಮೆಯ ಆಳವನ್ನು ತಗ್ಗಿಸಬೇಕು.

ತೂಕ ಮತ್ತು ಹಿಡಿತ

ಶಕ್ತಿ ಇದ್ದರೂ ಹಿಡಿತವಿಲ್ಲದಿದ್ದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಹದವಾದ ಹೊಲದಲ್ಲಿ ಟ್ರ್ಯಾಕ್ಟರ್ ಎಳೆಯಬಲ್ಲ ಭಾರವು ಹಿಂದಿನ ಗಾಲಿಗಳ ಮೇಲೆ ಬೀಳುವ ತೂಕದ ಸುಮಾರು ಅರ್ಧದಷ್ಟು ಮಾತ್ರ. ಸವೆದ ಟೈರುಗಳಿರುವ ದೊಡ್ಡ ಯಂತ್ರಕ್ಕಿಂತ ಒಳ್ಳೆಯ ಟೈರು ಮತ್ತು ತಕ್ಕ ತೂಕವುಳ್ಳ ಸಣ್ಣ ಯಂತ್ರ ಕೆಲವೊಮ್ಮೆ ಹೆಚ್ಚು ಉಳುವುದು ಈ ಕಾರಣದಿಂದಲೇ. ಆದರೆ ಕೆಸರುಗದ್ದೆಯಲ್ಲಿ ಅತಿಯಾದ ತೂಕವೇ ಶತ್ರು. ಅಲ್ಲಿ ಕಬ್ಬಿಣದ ಪಂಜರಗಾಲಿ ಜೋಡಿಸಿದ ಹಗುರ ಟ್ರ್ಯಾಕ್ಟರೇ ಮೇಲು.

ಜಾರುವಿಕೆಯನ್ನು ಅಳೆಯುವುದು ಸುಲಭ. ಹಿಂದಿನ ಗಾಲಿಗೆ ಸುಣ್ಣದಿಂದ ಗುರುತು ಮಾಡಿ, ನೇಗಿಲನ್ನು ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವಷ್ಟರಲ್ಲಿ ಸಾಗಿದ ದೂರವನ್ನು ಅಳೆಯಬೇಕು. ಅದು 40 ಮೀಟರ್ ಎಂದಿರಲಿ. ನೇಗಿಲನ್ನು ಇಳಿಸಿ ಉಳುವಾಗ ಅದೇ ಹತ್ತು ಸುತ್ತಿಗೆ 34 ಮೀಟರ್ ಮಾತ್ರ ಸಾಗಿದರೆ ಜಾರುವಿಕೆ ಶೇಕಡಾ 15. ಇದಕ್ಕಿಂತ ಹೆಚ್ಚಾದರೆ ಡೀಸೆಲ್ ಮತ್ತು ಟೈರು ಎರಡೂ ವ್ಯರ್ಥ.

ಕೊಳ್ಳುವ ಮುನ್ನ

ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳ ಪಿ.ಟಿ.ಓ. ಶಕ್ತಿ, ಎಳೆತ ಮತ್ತು ಇಂಧನ ಬಳಕೆಯನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಆದರೆ ವರದಿಯ ಅಂಕಿಗಳು ಹೊಸ ಯಂತ್ರದವು. ಇಪ್ಪತ್ತು ವರ್ಷ ದುಡಿದ ಯಂತ್ರದವಲ್ಲ. ಆದ್ದರಿಂದ ಯಂತ್ರವನ್ನು ಅದು ದುಡಿಯಬೇಕಾದ ಮಣ್ಣಿನಲ್ಲಿಯೇ ಒಂದು ಗಂಟೆ ಕಾಲ ಉಳುಮೆ ಮಾಡಿಸಿ ನೋಡುವುದು ಅತ್ಯಗತ್ಯ. ಬಿಸಿಯಾದ ಮೇಲೂ ದಟ್ಟ ಹೊಗೆ ಬರುತ್ತಿದೆಯೇ, ಎತ್ತಿ ಹಿಡಿದ ನೇಗಿಲು ತಾನಾಗಿ ಕೆಳಗಿಳಿಯುತ್ತದೆಯೇ, ಭಾರ ಬಿದ್ದಾಗ ಪಿ.ಟಿ.ಓ. ನಿಮಿಷಕ್ಕೆ 540 ಸುತ್ತುಗಳ ಪ್ರಮಾಣಿತ ವೇಗವನ್ನು ಕಾಯ್ದುಕೊಳ್ಳುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ರೋಟವೇಟರ್ ಬಳಸುವವರು, ಕ್ಲಚ್ ಒತ್ತಿ ಟ್ರ್ಯಾಕ್ಟರನ್ನು ನಿಲ್ಲಿಸಿದಾಗ ಪಿ.ಟಿ.ಓ. ಕೂಡ ನಿಂತುಬಿಡುತ್ತದೆಯೇ ಎಂಬುದನ್ನೂ ನೋಡಬೇಕು. ಬಿಡಿಭಾಗಗಳ ವಿಚಾರಣೆಯೂ ಮುಖ್ಯ; ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿಯೇ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಕೊನೆಯದಾಗಿ ಒಂದು ಎಚ್ಚರಿಕೆ. ಶಕ್ತಿ ಸಾಲದ ಯಂತ್ರದಿಂದ ಹೆಚ್ಚಿನ ಭಾರವನ್ನು ಎಳೆಸಲು ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟುವುದುಂಟು. ಆಗ ಮುಂದಿನ ಗಾಲಿಗಳು ಮೇಲೆದ್ದು, ಟ್ರ್ಯಾಕ್ಟರ್ ಕ್ಷಣಮಾತ್ರದಲ್ಲಿ ಚಾಲಕನ ಮೇಲೆ ಹಿಮ್ಮುಖವಾಗಿ ಮಗುಚಬಹುದು. ಭಾರವನ್ನು ಎಂದಿಗೂ ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಮಣ್ಣು, ಉಪಕರಣ ಮತ್ತು ತೂಕಗಳನ್ನು ಅರಿತು ಯಂತ್ರವನ್ನು ಆರಿಸಿದ ರೈತನಿಗೆ ಇಂತಹ ಸಾಹಸದ ಅಗತ್ಯ ಬೀಳದು. ಅವನ ಹಣವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.